ಬಿ2 ಪಾನ್ ತಿಂದ ಮೇಲೆ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ. ನೀನು ಕಳಿಸಿದ ಚೆಸ್ ಸ್ಕೋರ್‌ಶೀಟ್, ಅಂದರೆ ನಡೆಗಳನ್ನು ಬರೆದ ಹಾಳೆಯ ಫೋಟೋ ಸಿಕ್ಕಿತು. ರಾತ್ರಿ ಬೋರ್ಡ್ ಹಾಕಿಕೊಂಡು ಇಡೀ ಆಟ ಎರಡು ಸಲ ಆಡಿ ನೋಡಿದೆ. ಇನ್ನು ಕಪ್ಪು ಕಾಯಿಯಲ್ಲಿ ಸಿಸಿಲಿಯನ್ ಆರಂಭ ಮುಟ್ಟೋದೇ ಇಲ್ಲ ಅಂತ ಬರೆದಿದ್ದೀಯಲ್ಲ, ಹಾಗೆ ಮಾಡಬೇಡ ಕಣಮ್ಮ.

ಸಿಸಿಲಿಯನ್‌ನ ನೈಡಾರ್ಫ್ ದಾರಿಯಲ್ಲಿ ರಾಣಿ ನುಗ್ಗಿ ಬಿ2 ಮನೆಯ ಪಾನ್ (ಕಾಲಾಳು) ತಿನ್ನೋದಕ್ಕೆ ಧೈರ್ಯ ಬೇಕು. ವಿಷದ ಪಾನ್ ಅಂತ ಅದಕ್ಕೆ ಸುಮ್ನೆ ಹೆಸರು ಬಂದಿಲ್ಲ. ಆದರೆ ನೀನು ತಿಂದದ್ದು ತಪ್ಪಲ್ಲ. ಎಡವಿದ್ದು ಒಂಬತ್ತನೇ ನಡೆಯಲ್ಲಿ. ಬಿಳಿ ಆನೆ ಬಿ1ಕ್ಕೆ ಬರುವ ದಾರಿಯನ್ನು ನೀನು ಬಾಯಿಪಾಠ ಮಾಡಿದ್ದೆ. ಎದುರಿನವನು ಕುದುರೆಯನ್ನು ಬಿ3ಕ್ಕೆ ತಂದ. ನೀನು ಅವನ ಒಂಟೆಯನ್ನು ಓಡಿಸೋಣ ಅಂತ ಎಚ್6ಕ್ಕೆ ಪಾನ್ ತಳ್ಳಿಬಿಟ್ಟೆ. ಪಕ್ಕದಲ್ಲಿ ಬರೆದ ಗಡಿಯಾರದ ಸಮಯ ನೋಡಿದೆ, ಒಂದು ನಿಮಿಷವೂ ಕಳೆದಿಲ್ಲ. ಅವನು ಎ3ಕ್ಕೆ ಪಾನ್ ತಳ್ಳಿದ. ನೀನು ಒಂಟೆ ತಿಂದೆ. ಆನೆ ಎ2ಕ್ಕೆ ಬಂತು. ರಾಣಿಗೆ ಹೋಗೋಕೆ ಒಂದು ಮನೆಯೂ ಉಳಿದಿರಲಿಲ್ಲ. ಕುದುರೆ ಬಂದ ತಕ್ಷಣವೇ ರಾಣಿ ಎ3ಕ್ಕೆ ಜಾರಬೇಕಿತ್ತು.

ಅಮೆರಿಕದ ಆಟಗಾರ ಬಾಬಿ ಫಿಶರ್ ಹಾಗೇ ಜಾರಿದ್ದರು. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ, ಆಗಿನ ಚಾಂಪಿಯನ್ ಸ್ಪಾಸ್ಕಿ ಜೊತೆಗಿನ ವಿಶ್ವ ಚಾಂಪಿಯನ್‌ಷಿಪ್‌ನ 11ನೇ ಆಟ. 14ನೇ ನಡೆಯಲ್ಲಿ ಸ್ಪಾಸ್ಕಿ ಸಿ3ರಲ್ಲಿದ್ದ ಕುದುರೆಯನ್ನು ಹಿಂದಕ್ಕೆ, ಅದು ಹುಟ್ಟಿದ ಬಿ1 ಮನೆಗೇ ಕಳಿಸಿದರು. ಆ ನಡೆ ನೋಡಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತೆ. ದಾಳಿ ಮಾಡಬೇಕಾದ ಕುದುರೆ ಮನೆಗೆ ಹೋಗಿ ಕೂತು ಎ3ಯಲ್ಲಿದ್ದ ರಾಣಿಯನ್ನು ಅಟ್ಟಿತು. ಫಿಶರ್ ರಾಣಿ ಕಳೆದುಕೊಂಡು 31 ನಡೆಗೆ ಸೋತರು. 15ನೇ ಆಟದಲ್ಲಿ ಮತ್ತೆ ನೈಡಾರ್ಫ್ ಆಡಿದರು! ಆ ಸಲ ಪಾನ್ ತಿನ್ನದೆ ಒಂಟೆಯನ್ನು ಇ7ಕ್ಕೆ ಇಟ್ಟರು, ಆಟ ಡ್ರಾ ಆಯಿತು. ಕೊನೆಗೆ ಪಟ್ಟ ಅವರದ್ದೇ ಆಯಿತು.

ನೀನೂ ಆಡು. ಗೊತ್ತಿಲ್ಲದ ನಡೆ ಬಂದ ಕೂಡಲೇ ಮೊದಲು ಅದನ್ನು ಬರೆದುಕೋ, ಆಮೇಲೆ ಎರಡೂ ಕೈ ತೊಡೆ ಕೆಳಗೆ ಇಟ್ಟುಕೋ. ಮುಟ್ಟಿದ ಕಾಯಿಯನ್ನು ಆಡಲೇಬೇಕಲ್ವಾ? ನಿನ್ನ ರಾಣಿ ಓಡಬಹುದಾದ ಮನೆಗಳನ್ನು ಒಂದೊಂದಾಗಿ ಎಣಿಸು. ಎರಡಕ್ಕಿಂತ ಕಡಿಮೆ ಇದ್ದರೆ ಬೇರೆ ಯೋಚನೆಯೆಲ್ಲ ಬಿಟ್ಟು ಮೊದಲು ಅವಳನ್ನು ನೋಡು. ಐದು ನಿಮಿಷ ಜಾಸ್ತಿ ಹೋದರೆ ಹೋಗಲಿ.

ಆ ಸ್ಕೋರ್‌ಶೀಟ್ ಹರಿದು ಹಾಕಬೇಡ. ಭಾನುವಾರ ಬರುವಾಗ ತಗೊಂಡು ಬಾ. ಒಂಬತ್ತನೇ ನಡೆಯಿಂದ ಮತ್ತೆ ಆಡೋಣ, ಬಿಳಿ ನನಗೆ.

ನಿನ್ನ,
ದೊಡ್ಡಪ್ಪ