ಗೆಳೆಯನಿಗೊಂದು ಪತ್ರ: ಬೀಜದ ಕಾನೂನಿಗೆ ನಿನ್ನದೂ ಒಂದು ಮಾತು ಬೇಕು

ಪ್ರೀತಿಯ ಗೆಳೆಯಾ,

ಹೊಸ ಬೀಜ ಮಸೂದೆ ಬಗ್ಗೆ ನೀನೂ ಬರೆದು ಕಳಿಸು ಅಂದರೆ "ದಿಲ್ಲಿಯವರು ನನ್ನ ಮಾತು ಕೇಳ್ತಾರಾ?" ಅಂತ ಫೋನಿನಲ್ಲಿ ನಕ್ಕೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲ ಸಲ ಕೇಳುವುದಿಲ್ಲ ನಿಜ. ಕೇಳಿದ್ದೂ ಉಂಟು.

2004ರ ಬೀಜ ಮಸೂದೆಯನ್ನೇ ತಗೋ. ರೈತ ತನ್ನ ಬೀಜ ಇಟ್ಟುಕೊಳ್ಳಬಹುದು, ಹಂಚಬಹುದು, ಮಾರಬಹುದು ಅಂತ ಅದರಲ್ಲೂ ಇತ್ತು. ಆದರೆ ಬಾಲದಲ್ಲೊಂದು ಷರತ್ತು. ಮಾರುವ ಬೀಜ ಸರ್ಕಾರ ಹೇಳಿದಷ್ಟು ಮೊಳೆಯಬೇಕು, ಅಷ್ಟು ಶುದ್ಧ ಇರಬೇಕು! ಸಂತೆಯಲ್ಲಿ ಎರಡು ಸೇರು ಅವರೆಬೀಜ ಮಾರುವ ಅಜ್ಜಿ ಮೊಳಕೆಯ ಲೆಕ್ಕ ಎಲ್ಲಿಂದ ತರಬೇಕು? ವಿರೋಧಿಸಿದವರು ಇಂಥ ಸಾಲುಗಳನ್ನೇ ಹಿಡಿದು ಜಗ್ಗಿದರು. ಮಸೂದೆ ಪಾಸಾಗಲೇ ಇಲ್ಲ.

ಹುಳ ಬೀಳದಂತೆ ವಂಶವಾಹಿ ಬದಲಿಸಿದ ಬಿಟಿ ಬದನೆಯದೂ ಹಾಗೇ. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ 7 ಊರುಗಳಲ್ಲಿ ಜನರ ಮಾತು ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ಕ್ಕೆ. ಮೂರೇ ದಿನಕ್ಕೆ ಆ ಬದನೆ ಬೆಳೆಯೋದಕ್ಕೆ ತಡೆ ಬಿತ್ತು. ರಾಜ್ಯ ಸರ್ಕಾರಗಳೂ ಬೇಡ ಅಂದಿದ್ದವು ಅನ್ನು, ಬರೀ ಕೂಗಿನಿಂದ ಆಗಿದ್ದಲ್ಲ.

ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ 2014ರಿಂದ ಕೇಂದ್ರದ್ದೇ ನೀತಿ ಇದೆ. 2025ರ ನವೆಂಬರಿನಲ್ಲಿ ಹೊಸ ಬೀಜ ಮಸೂದೆಯ ಕರಡು ಬಂತು. ಅಭಿಪ್ರಾಯಕ್ಕೆ ಡಿಸೆಂಬರ್ 11 ಕಡೇ ದಿನವಾಗಿತ್ತು. ಸರಿಯಾಗಿ ರಾಗಿ ಕೊಯ್ಲಿನ ಹೊತ್ತು! ಕುಡುಗೋಲು ಹಿಡಿದವನು ಕರಡು ಓದುತ್ತಾನಾ?

ಅಲ್ಲಿಗೇ ಮುಗಿಯಲಿಲ್ಲ ಅನ್ನೋದು ಗೊತ್ತಿರಲಿ. ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ, ಅಂದರೆ ಮಸೂದೆಗಳನ್ನು ಪರಿಶೀಲಿಸುವ ಸಂಸದರ ಸಮಿತಿಗೆ ಹೋದರೆ ಸಮಿತಿ ಮತ್ತೆ ಜನರಿಂದ ಅಹವಾಲು ಕರೆಯುವುದುಂಟು. ನಮ್ಮ ಸಂಸದರ ಕಚೇರಿ ಬಾಗಿಲಂತೂ ಇದ್ದೇ ಇದೆ. ಸುಮ್ನೆ "ರೈತವಿರೋಧಿ" ಅಂತ ಬರೆದು ಎಲ್ಲರ ಸಹಿ ಹಾಕಿಸಬೇಡ. ಅಂಥವು ರಾಶಿ ಬರುತ್ತವೆ. ಯಾವ ಕಲಮು, ಅದರಿಂದ ನಿನಗೇನು ತೊಂದರೆ, ಅಲ್ಲಿ ಯಾವ ಮಾತು ಬರಬೇಕು, ಇಷ್ಟು ಒಂದು ಪುಟದಲ್ಲಿ ಸಾಕು.

ನಿನ್ನ ಹತ್ತಿರ ವಕೀಲರಿಗೂ ಸಿಗದ ಸರಕಿದೆ. ಆ ಮೆಕ್ಕೆಜೋಳ ತೆನೆ ಕಟ್ಟದೆ ಹೋಯಿತಲ್ಲ, ಅಂಗಡಿಯವನು ಕಂಪನಿ ಕಡೆ ಕೈ ತೋರಿಸಿದ, ಕಂಪನಿಯವರು ಮಳೆ ಕಡೆ. 2001ರ ತಳಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಲ್ಲಿ, ನೋಂದಾಯಿತ ತಳಿ ಹೇಳಿದಷ್ಟು ಇಳುವರಿ ಕೊಡದಿದ್ದರೆ ರೈತ ಪರಿಹಾರ ಕೇಳಬಹುದು ಅಂತಿದೆ. ಹೊಸ ಕಾನೂನಿನಲ್ಲಿ ಅದಕ್ಕಿಂತ ಸುಲಭದ ದಾರಿ ಬೇಕು ಅಂತ ಕೇಳೋಣ. ತಾಲ್ಲೂಕಿನಲ್ಲೇ, ಇಷ್ಟು ದಿನದೊಳಗೆ ಅಂತ.

ಬೀಜದ ಚೀಲದ ಲಾಟ್ ನಂಬರ್, ಬಿಲ್ಲು, ಬಿತ್ತಿದ ತಾರೀಖು ವಾಟ್ಸಾಪ್ ಮಾಡು. ಟೈಪ್ ಮಾಡೋದು ನನಗಿರಲಿ, ಸಹಿ ನಿನ್ನದೇ ಆಗಬೇಕು.

ನಿನ್ನ ಗೆಳೆಯ