ಮೌಸ್ ಕಲಿಯುವವರ ಕೈಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ವಯಸ್ಕರಿಗೆ ಪಾಠ ಹೇಳುವವರು ನಾಲ್ಕು ಜನ ಸೇರಿದರೆ ಕೇಳಿಬರುವ ದೂರು ಒಂದೇ: 'ಇವರಿಗೆ ಜವಾಬ್ದಾರಿಯೇ ಇಲ್ಲ, ಓದಿಕೊಂಡು ಬರುವುದಿಲ್ಲ.' ಆದರೆ ಏನು ಕಲಿಯಬೇಕು, ಎಷ್ಟು ದಿನದಲ್ಲಿ, ಯಾವ ಕ್ರಮದಲ್ಲಿ, ಕಲಿತದ್ದು ಸರಿಯೋ ತಪ್ಪೋ ಎಲ್ಲವನ್ನೂ ನಾವೇ ತೀರ್ಮಾನಿಸಿಟ್ಟಿರುತ್ತೇವೆ. ಮನೆ, ನೌಕರಿ, ಸಾಲ ಎಲ್ಲವನ್ನೂ ನಿಭಾಯಿಸುವವರು ಬೆಂಚಿನ ಮೇಲೆ ಕೂತೊಡನೆ ಶಾಲಾಮಕ್ಕಳಾಗಿಬಿಡುವುದು ಸೋಮಾರಿತನದಿಂದಲ್ಲ. ಬೆಂಚು ಅವರಿಗೆ ಕಲಿಸಿರುವುದೇ ಅದನ್ನು.

ಹಾಗೆಂದು ಮೊದಲ ದಿನವೇ 'ನಿಮಗಿಷ್ಟ ಬಂದದ್ದು ಕಲಿಯಿರಿ' ಎಂದು ಕೈಬಿಡುವುದೂ ಅಷ್ಟೇ ಕೆಟ್ಟದ್ದು. ಅಮೆರಿಕದ ಪ್ರಾಧ್ಯಾಪಕ ಜೆರಾಲ್ಡ್ ಗ್ರೋ 1991ರಲ್ಲಿ, ಬೋಧಕರನ್ನೇ ನೆಚ್ಚಿಕೊಂಡ ಸ್ಥಿತಿಯಿಂದ ತಾನಾಗಿ ಕಲಿಯುವ ಸ್ಥಿತಿಯವರೆಗೆ ನಾಲ್ಕು ಹಂತ ಗುರುತಿಸಿದ್ದರು. ಹಂತಕ್ಕೂ ಪಾಠದ ರೀತಿಗೂ ತಾಳೆಯಾಗದಿದ್ದರೆ ಕೆಲವರು ಕಂಗಾಲಾಗುತ್ತಾರೆ, ಕೆಲವರು ಸಿಡಿಮಿಡಿಗೊಳ್ಳುತ್ತಾರೆ. ಲೆಕ್ಕಪತ್ರದಲ್ಲಿ ಪಳಗಿದವರು ಕಂಪ್ಯೂಟರ್ ಮುಂದೆ ಮೊದಲ ಹಂತದಲ್ಲೇ ಇರಬಹುದು.

ಶುರುಮಾಡಲು ಒಂದು ಪುಟದ ಕಲಿಕಾ ಒಪ್ಪಂದ ಸಾಕು. 1970ರ ದಶಕದಲ್ಲಿ ವಯಸ್ಕರ ಶಿಕ್ಷಣದ ತಜ್ಞ ಮಾಲ್ಕಮ್ ನೋಲ್ಸ್ ಪ್ರಚಾರಕ್ಕೆ ತಂದ ಕ್ರಮವಿದು: ಏನು ಕಲಿಯುತ್ತೇನೆ, ಹೇಗೆ, ಯಾವಾಗ ಮುಗಿಸುತ್ತೇನೆ, ಕಲಿತೆ ಎಂಬುದಕ್ಕೆ ಪುರಾವೆ ಏನು, ಅದನ್ನು ನೋಡುವವರು ಯಾರು. ಸಾಮಾನ್ಯವಾಗಿ ಎಡವುವುದು ಮೊದಲ ಸಾಲಿನಲ್ಲೇ. 'ಕಂಪ್ಯೂಟರ್ ಕಲಿಯಬೇಕು' ಎಂದು ಬರೆದರೆ ಅದಕ್ಕೆ ಪುರಾವೆಯೇ ಇರುವುದಿಲ್ಲ. 'ಆರು ವಾರದಲ್ಲಿ ತಿಂಗಳ ಖರ್ಚಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಯಾರ ನೆರವೂ ಇಲ್ಲದೆ ಮಾಡಿ, ಮೊತ್ತ ಕೂಡಿಸಿ ತೋರಿಸುತ್ತೇನೆ' ಎಂದು ಬರೆಸಿ. ಮೂರನೇ ವಾರ ಅದೇ ಹಾಳೆ ತೆಗೆಸಿ, ಬೇಕಿದ್ದರೆ ಅವರೇ ತಿದ್ದಲಿ. ಬರೆಸಿ ಬೀರುವಿನಲ್ಲಿಟ್ಟ ಒಪ್ಪಂದದಿಂದ ಬೀರುವಿಗಷ್ಟೇ ಲಾಭ.

ಇನ್ನು ತರಗತಿಯೊಳಗೆ. ಎಕ್ಸೆಲ್ ಹಾಳೆಯಲ್ಲಿ ಮೊತ್ತದ ಕೋಶದಲ್ಲಿ (ಸೆಲ್) ಸೊನ್ನೆ ಬಂದಿದೆ, ಕಲಿಯುವವರು ತಲೆಕೆರೆದುಕೊಳ್ಳುತ್ತಿದ್ದಾರೆ. ಬೋಧಕರ ಕೈ ತಾನಾಗಿ ಮೌಸ್‌ನತ್ತ ಹೋಗುತ್ತದೆ. ಎರಡು ಕ್ಲಿಕ್, ಸಮಸ್ಯೆ ಮಾಯ, 'ಅರ್ಥ ಆಯ್ತಾ?' 'ಆಯ್ತು ಸರ್.' ಮುಂದಿನ ವಾರ ಅದೇ ಸೊನ್ನೆ. ವಯಸ್ಕರು ಹತ್ತು ಜನರೆದುರು 'ಇಲ್ಲ' ಎನ್ನುವುದು ಅಪರೂಪ, ಆದ್ದರಿಂದ ಆ ಪ್ರಶ್ನೆಯನ್ನೇ ಬಿಡಬೇಕು. ಕೈ ಹಿಂದೆ ಕಟ್ಟಿಕೊಂಡು ನಿಂತು, 'ಯಾವ ಕೋಶಗಳನ್ನು ಕೂಡಿಸುತ್ತಿದ್ದೀರಿ? ಬೆರಳಿಟ್ಟು ತೋರಿಸಿ' ಎನ್ನಿ. ಸಂಖ್ಯೆಗಳು ಪಠ್ಯವಾಗಿ ನಮೂದಾಗಿವೆಯೋ, ಕೂಡಿಸಲು ಆರಿಸಿದ ಕೋಶಗಳೇ ತಪ್ಪಿವೆಯೋ ಅವರಿಗೇ ಹೊಳೆಯುವ ಸಾಧ್ಯತೆ ಹೆಚ್ಚು. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ ಮೂರು ಸೆಕೆಂಡು ಸುಮ್ಮನಿರಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಶಾಲಾ ತರಗತಿಗಳಲ್ಲಿ ಇದನ್ನು ಅಳೆದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡೂ ಕಾಯುತ್ತಿರಲಿಲ್ಲ. ಕಾಯುವುದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು. ಆ ಮೂರು ಸೆಕೆಂಡು ಎಷ್ಟು ದೀರ್ಘ ಎಂಬುದು ನಿಂತವರಿಗಷ್ಟೇ ಗೊತ್ತು!

ಪ್ರತಿ ತರಗತಿಯ ಮೊದಲ ಆರು ನಿಮಿಷ ಪುಸ್ತಕ ಮುಚ್ಚಿಸಿ ನಾಲ್ಕು ಪ್ರಶ್ನೆ ಕೊಡಿ: ಹಿಂದಿನ ತರಗತಿಯಿಂದ ಎರಡು, ಕಳೆದ ವಾರದ್ದೊಂದು, ಕಳೆದ ತಿಂಗಳದ್ದೊಂದು. ಪ್ರಶ್ನೆ ನೋಡಿದೊಡನೆ 'ನನಗೆ ಎಷ್ಟು ಸರಿಯಾಗುತ್ತದೆ' ಎಂದು ಮೂಲೆಯಲ್ಲೊಂದು ಅಂಕಿ ಬರೆಯಲಿ. ಆಮೇಲೆ ಉತ್ತರ ಬರೆದು, ಬೇರೆ ಬಣ್ಣದ ಪೆನ್ನಿನಲ್ಲಿ ತಾವೇ ತಿದ್ದಿಕೊಳ್ಳಲಿ. ಅಂಕವನ್ನು ನೀವು ದಾಖಲಿಸಬೇಡಿ. ದಾಖಲಿಸಿದ ದಿನವೇ ನಕಲು ಶುರು. ಮೂಲೆಯಲ್ಲಿ ನಾಲ್ಕು ಬರೆದು ಒಂದಷ್ಟೇ ಸರಿಯಾದರೆ ಬೋಧಕರು ಗದರುವ ಅಗತ್ಯವೇ ಇಲ್ಲ. ಓದಿದ್ದನ್ನೇ ಮತ್ತೆ ಮತ್ತೆ ಓದುವವರು ಈ ಅಂದಾಜಿನಲ್ಲಿ ಹೆಚ್ಚು ಮೋಸಹೋಗುತ್ತಾರೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಾದರು.

ಗೈರುಹಾಜರಿಗೆ ಹಾಜರಿ ಪುಸ್ತಕ ಮದ್ದಲ್ಲ. ಪಾಳಿ ಬದಲಾಗುತ್ತದೆ, ಮಗುವಿಗೆ ಜ್ವರ ಬರುತ್ತದೆ, ಎರಡು ತರಗತಿ ತಪ್ಪುತ್ತವೆ. ಮೂರನೆಯದಕ್ಕೆ ಬಾರದಂತೆ ತಡೆಯುವುದು ಬಹುತೇಕ ನಾಚಿಕೆ. ಮೊದಲ ವಾರವೇ ಇಬ್ಬಿಬ್ಬರ ಜೋಡಿ ಮಾಡಿ, ತಪ್ಪಿದವರಿಗೆ ಅಂದೇ ರಾತ್ರಿ ಜೊತೆಗಾರರು ಮೂರು ಸಾಲು ಕಳಿಸಲಿ: ಏನು ಮಾಡಿದೆವು, ಯಾವ ಪುಟ, ಮುಂದಿನ ತರಗತಿಗೆ ಏನು ತರಬೇಕು. ಬರೆಯುವವರಿಗೂ ಅದು ಪುನರಾವರ್ತನೆ. ಬೋಧಕರೇ ಕಳಿಸತೊಡಗಿದರೆ ಎರಡು ವಾರದಲ್ಲಿ ಅದೂ ಅವರ ಕೆಲಸವೇ ಆಗಿಬಿಡುತ್ತದೆ.

ತರಬೇತಿ ನಡೆಸುವ ಸಂಸ್ಥೆಗಳಿಗೆ ಒಂದು ಕೋರಿಕೆ. ನಿಮ್ಮ ಮಾಸಿಕ ವರದಿಯ ನಮೂನೆಯಲ್ಲಿ 'ಹಾಜರಿ', 'ಮುಗಿದ ಪಾಠಗಳು' ಎಂಬ ಕಾಲಂಗಳಷ್ಟೇ ಇದ್ದರೆ, ಬೋಧಕರು ಮೌಸ್ ಕಸಿದುಕೊಂಡು ಪಾಠ ಮುಗಿಸುತ್ತಾರೆ. 'ಈ ತಿಂಗಳು ನೆರವಿಲ್ಲದೆ ಮಾಡಿದ್ದು' ಎಂಬ ಕಾಲಂ ಒಂದನ್ನು ಸೇರಿಸಿ, ಅದನ್ನು ಕಲಿಕಾರ್ಥಿಯ ಕೈಯಿಂದಲೇ ತುಂಬಿಸಿ.

ಇತಿ,
ವಯಸ್ಕರ ತರಗತಿಗಳ ಬೋಧಕರು