ಕೋಳಿ ಮಾಂಸಕ್ಕೆ ವಿಕಿರಣ ತಾಗಿದೆಯೇ? ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೋಳಿ ಮಾಂಸದ ಮೇಲೆ ಗೈಗರ್ ಕೌಂಟರ್ (ವಿಕಿರಣ ಅಳೆಯುವ ಯಂತ್ರ) ಹಿಡಿದು, ಅದಕ್ಕೆ ವಿಕಿರಣ ಹಾಯಿಸಿದ್ದಾರೋ ಇಲ್ಲವೋ ಎಂದು ತೋರಿಸುವ ವಿಡಿಯೊಗಳನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಕೊಲ್ಲಲು ಗಾಮಾ ಕಿರಣ ಹಾಯಿಸಿದರೆ ಮಾಂಸವೇನೂ ವಿಕಿರಣಶೀಲ ಆಗುವುದಿಲ್ಲ. ಹಾಗಾಗಿ ಆ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಬಣ್ಣ, ವಾಸನೆ ನೋಡಿ ಹೇಳುವುದೂ ನಂಬುವ ಮಾತಲ್ಲ.

ನಿಜವಾದ ಸುಳಿವು ಇರುವುದು ಮೂಳೆಯಲ್ಲಿ. ಕಿರಣ ತಾಗಿದಾಗ ಹುಟ್ಟುವ, ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣುತುಣುಕುಗಳಾದ ಫ್ರೀ ರ‍್ಯಾಡಿಕಲ್‌ಗಳು ಒದ್ದೆ ಮಾಂಸದಲ್ಲಿ ಕ್ಷಣದಲ್ಲೇ ಮಾಯವಾಗುತ್ತವೆ. ಮೂಳೆಯ ಗಟ್ಟಿ ಖನಿಜದಲ್ಲಿ ಮಾತ್ರ ಸಿಕ್ಕಿಬಿದ್ದು, ಮಾಂಸ ಕೆಡುವಷ್ಟು ದಿನ ಕಳೆದರೂ ಹಾಗೇ ಇರುತ್ತವೆ. ಒಣಗಿಸಿದ ಮೂಳೆಚೂರನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ (ಇಂಥ ಒಂಟಿ ಎಲೆಕ್ಟ್ರಾನ್ ಗುರುತಿಸುವ) ಯಂತ್ರದಲ್ಲಿ ಇಟ್ಟರೆ ಅವುಗಳ ಗುರುತು ಕಾಣುತ್ತದೆ. ಯುರೋಪಿನ ಇಎನ್ 1786 ಮಾನದಂಡ ಇದೇ ವಿಧಾನದ್ದು. ನನಗೆ ಜಾಸ್ತಿ ಭರವಸೆ ಇರುವುದೂ ಇದರ ಮೇಲೆಯೇ.

ಮೂಳೆಯೇ ಇಲ್ಲದಿದ್ದರೆ? ಆಗ ಕೊಬ್ಬನ್ನು ನೋಡುತ್ತಾರೆ. ವಿಕಿರಣ ತಾಗಿದ ಕೊಬ್ಬಿನಲ್ಲಿ 2-ಡೋಡೆಸೈಲ್‌ಸೈಕ್ಲೋಬ್ಯುಟನೋನ್ ಎಂಬ ವಸ್ತು ಹುಟ್ಟುತ್ತದೆ. (ಹೆಸರು ಹೇಳುವಷ್ಟರಲ್ಲಿ ಅಡುಗೆಯೇ ಮುಗಿದಿರುತ್ತದೆ, ಅಲ್ವಾ!) ಸುಮ್ನೆ ಬೇಯಿಸಿದ್ದಕ್ಕೆ ಅದು ಹುಟ್ಟುವುದಿಲ್ಲ.

ಡಿಎನ್‌ಎ ಚೂರಾಗಿದೆಯೇ ಎಂದು ನೋಡುವ ಕಾಮೆಟ್ ಪರೀಕ್ಷೆಯೂ ಇದೆ. ಬೇಗ ಆಗುತ್ತದೆ, ಖರ್ಚೂ ಕಡಿಮೆ. ಆದರೆ ಫ್ರೀಜರ್‌ನಲ್ಲಿಟ್ಟು ಕರಗಿಸಿದರೂ ಡಿಎನ್‌ಎ ಒಡೆಯಬಹುದು. ಅದಕ್ಕೇ ಅದು ಮೊದಲ ಜರಡಿ ಮಾತ್ರ, ಕೊನೆಯ ತೀರ್ಪಲ್ಲ.